ರೇಡಿಯೋ ಕೆಡುವ ಭಾನುವಾರ

ಬಡಾವಣೆ ಸೇವಾ ಸಂಘದ ಕಾರ್ಯದರ್ಶಿಯಮ್ಮನವರಿಗೆ ರೇಡಿಯೋ ಮಾವ ಮಾಡುವ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ತಿಂಗಳ ಮೊದಲ ಭಾನುವಾರ ಸಂಘದ ಸಭಾಂಗಣದಲ್ಲಿ ನಡೆಯುವ ಉಚಿತ ರಿಪೇರಿ ಮೇಳಕ್ಕೆ ಎಪ್ಪತ್ತು ದಾಟಿದವರು ಇನ್ನು ಬರಬೇಕಾಗಿಲ್ಲ, ಸಂಘದ ವ್ಯಾನೇ ಮನೆಗೆ ಬಂದು ಕೆಟ್ಟ ಸಾಮಾನು ಒಯ್ದು ಸರಿಮಾಡಿ ತಂದುಕೊಡುತ್ತದೆ ಎಂದು ಬರೆದಿದ್ದೀರಿ. ಒಳ್ಳೆಯ ಯೋಚನೆ. ದಯವಿಟ್ಟು ಆ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ.

ನನ್ನ ಕಾಲುಗಳು ಗಟ್ಟಿಯಾಗಿವೆ. ಏಳನೇ ಕ್ಲಾಸಿನಲ್ಲಿ ಹೆಡ್‌ಮಾಸ್ತರರ ಸೈಕಲ್ಲನ್ನೇ ಓಡಿ ಹಿಂದೆ ಹಾಕಿದವನು ನಾನು. ಪರೀಕ್ಷೆಯಲ್ಲಿ ಅವರು ನನ್ನನ್ನು ಹಿಂದೆ ಹಾಕಿದರು, ಅದು ಬೇರೆ ಮಾತು.

ಇನ್ನೊಂದು ವಿಷಯ ನಿಮ್ಮಲ್ಲೇ ಇರಲಿ. ನನ್ನ ರೇಡಿಯೋ ಕೆಡುವ ಜಾತಿಯದ್ದಲ್ಲ. ಶನಿವಾರ ಸಂಜೆ ನಾನೇ ಅದರ ಒಂದು ತಂತಿ ಬಿಚ್ಚಿಡುತ್ತೇನೆ. ಮರುದಿನ ರಿಪೇರಿಯವನು ಅದರ ಬೆನ್ನು ತೆರೆದು, "ಏನ್ ಮಾವಾ, ಮತ್ತೆ ಅದೇ ತಂತಿ! ಮನೇಲಿ ಇಲಿ ಸಾಕಿದೀರಾ?" ಅನ್ನುತ್ತಾನೆ. "ಹೂಂ ಕಣಯ್ಯ, ಒಂದೇ ಒಂದು. ಅದಕ್ಕೂ ಹೊತ್ತು ಹೋಗ್ಬೇಕಲ್ಲ," ಅನ್ನುತ್ತೇನೆ. ಬೆಂಚಿನ ಮೇಲೆ ಕೂತವರೆಲ್ಲ ನಗುತ್ತಾರೆ. ಸರದಿ ಬರುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ವಯಸ್ಸಾದವರನ್ನು ಕಾಯಿಸುತ್ತಿದ್ದೇವೆ ಎಂದು ನೀವು ಅದಕ್ಕೆ ಕ್ಷಮೆ ಕೇಳಿದ್ದೀರಿ.

ವ್ಯಾನಿನಲ್ಲಿ ಹೋದರೂ ರೇಡಿಯೋ ಸರಿಯಾಗಿಯೇ ಬರುತ್ತದೆ, ಅನುಮಾನವಿಲ್ಲ. ಬಂದಮೇಲೆ ಮನೆಯಲ್ಲಿ ಮಾತಾಡುವುದು ಅದೊಂದೇ.

ಆದ್ದರಿಂದ ಬರುವ ಭಾನುವಾರ ನಾನೇ ಬರುತ್ತೇನೆ. ಟೋಕನ್ ಹಂಚುವಾಗ ನನಗೆ ಎಲ್ಲಕ್ಕಿಂತ ಕೊನೆಯದನ್ನು ಕೊಡಿ. ಉಳಿದವರಿಗೆ ಮನೆಗೆ ಹೋಗುವ ಅವಸರವಿರುತ್ತದೆ.

ಸಂಘದ ಹಳೇ ಗಿರಾಕಿ,
ರೇಡಿಯೋ ಮಾವ