ಕೈ ಕಟ್ಟಿ ನಿಂತವಳು

ಅಕ್ಟೋಬರ್ 3, ಗುರುವಾರ

ಲಂಚ್ ಅವರ್ ಪೂರ್ತಿ ಶಾಲೆಯ ಜಿಮ್‌ನಲ್ಲೇ. ಸಹಾಯಕ ವಿದ್ಯಾರ್ಥಿಗಳಿಗೆ ನಾನು ಕೊಡುವ ಟ್ರೈನಿಂಗ್. ಯಾರಾದರೂ ಯಾರನ್ನಾದರೂ ಹಿಂಸಿಸುತ್ತಿದ್ದರೆ ನಡುವೆ ಹೋಗಿ ನಿಲ್ಲು, ಪೆಟ್ಟು ತಿಂದವರನ್ನು ಕರೆದುಕೊಂಡು ಬಾ, ನನಗೆ ಹೇಳು. ನಿಲ್ಲುವಾಗ ಕೈ ಕಟ್ಟಿರಬೇಕು — ಇದು ಶಾಲೆ ಕೊಟ್ಟ ಕೈಪಿಡಿಯಲ್ಲಿಲ್ಲ, ನನ್ನ ಸೇರ್ಪಡೆ. ಮೈಸೂರಿನ ನಮ್ಮ ಶಾಲೆಯಲ್ಲಿ ಕೈ ಕಟ್ಟಿ ನಿಂತವರ ಮೇಲೆ ಎಂಥ ಪುಂಡನೂ ಕೈ ಮಾಡುತ್ತಿರಲಿಲ್ಲ. ಈ ಪರದೇಶದ ಮಕ್ಕಳು ಕಿಸಕ್ಕನೆ ನಕ್ಕವು. ಅಕ್ಷರಾ ನಗಲಿಲ್ಲ. ಏಳನೇ ಕ್ಲಾಸು, ಹುಬ್ಬಳ್ಳಿಯಿಂದ ಬಂದವಳು. "ನಮ್ಮ ಸಾಲ್ಯಾಗೂ ಹಿಂಗ ನಿಲ್ತಿದ್ವಿರಿ ಆಂಟಿ" ಅಂದಳು. ಮುದ್ದು ಬಂತು.

ಅಕ್ಟೋಬರ್ 6, ಭಾನುವಾರ

ಬೇಸ್‌ಮೆಂಟಿನಲ್ಲಿ ಚಿರಂತನ್ ಜೊತೆ ಪ್ರಾಕ್ಟೀಸ್. ನನ್ನ ಮಗನಿಗೆ ಪುಂಡನ ಪಾತ್ರ, ನನಗೆ ಸಹಾಯಕಿಯದು. ಅವನು ನನ್ನ ಶಾಲೆಯಲ್ಲೇ ಎಂಟನೇ ಕ್ಲಾಸು, ಆಗಲೇ ನನಗಿಂತ ಉದ್ದ. ಟ್ರೈನಿಂಗಿಗೆ ಬಾ ಅಂದರೆ ಮಾತ್ರ ಬರಲೊಲ್ಲ. ಭುಜ ಹಿಡಿದು ನೂಕಿದ. ಗೋಡೆಗೆ ಬಡಿದೆ. ಕಟ್ಟಿದ ಕೈ ಬಿಚ್ಚಲಿಲ್ಲ.

"ಸೋ ದೇ ನೆವರ್ ಹಿಟ್ ಬ್ಯಾಕ್?"

ಎಂದಿಗೂ ಇಲ್ಲ ಕಣೋ, ಅಂದೆ. ಜಂಬದಿಂದ.

"ಕೂಲ್" ಅಂದ. ಅಷ್ಟು ಆಸಕ್ತಿ ತೋರಿಸಿದ್ದೇ ಸಂತೋಷ. ಭುಜ ಇನ್ನೂ ನೋಯುತ್ತಿದೆ...

ಅಕ್ಟೋಬರ್ 17, ಗುರುವಾರ, ಸಂಜೆ

ಅಕ್ಷರಾ ಆಸ್ಪತ್ರೆಯಲ್ಲಿ. ಶಾಲೆಯಂಗಳದ ತಾತ್ಕಾಲಿಕ ಪೋರ್ಟಬಲ್ ಕ್ಲಾಸ್‌ರೂಮಿನ ಹಿಂದೆ, ಸ್ವೆಟರಿನ ಹುಡ್ ಮುಖದವರೆಗೆ ಎಳೆದುಕೊಂಡ ಹುಡುಗನೊಬ್ಬ ಆರನೇ ಕ್ಲಾಸಿನ ಹುಡುಗಿಯ ಜುಟ್ಟು ಹಿಡಿದು ಎಳೆದಾಡುತ್ತಿದ್ದನಂತೆ. ಇವಳು ನಡುವೆ ಹೋಗಿ ನಿಂತಳು. ಕೈ ಕಟ್ಟಿಕೊಂಡು. ಮುಖಕ್ಕೇ ಗುದ್ದಿದ್ದಾನೆ. ಬಿದ್ದ ಮೇಲೆ ಹೊಟ್ಟೆಗೆ ಒದ್ದಿದ್ದಾನೆ. ಮೂಗು ಮುರಿದಿದೆ, ಮುಂದಿನ ಹಲ್ಲು ಹೋಗಿದೆ, ಒಂದು ಕಣ್ಣು ತೆರೆಯಲಾಗುತ್ತಿಲ್ಲ. ಯಾರು ಅಂತ ಕೇಳಿದರೆ ಗೋಡೆ ನೋಡಿದಳು. ಆ ಚಿಕ್ಕವಳೂ ಮುಖ ಕಂಡಿಲ್ಲ.

ಅವಳಪ್ಪ ಚನ್ನವೀರಪ್ಪ ವೇರ್‌ಹೌಸ್ ಶಿಫ್ಟಿನಿಂದ ನೇರ ಬಂದರು. "ನೀವು ಹೇಳಿದ್ರಿ ಅಂತ ಕೈ ಎತ್ತಲಿಲ್ರಿ ಮೇಡಮ್ ನನ್ನ ಮಗಳು. ಇಲ್ಲಾಂದ್ರ ಅವನ್ನ ಅಲ್ಲೇ ಕೆಡವತಿದ್ಲು."

ಅವರಿಗೆ ಕುರ್ಚಿ ಎಳೆದು ಕೊಟ್ಟೆ.

ಅಕ್ಟೋಬರ್ 18, ಶುಕ್ರವಾರ

ಬಟ್ಟೆ ಒಗೆಯಲು ಹಾಕುವಾಗ ಚಿರಂತನ್‌ನ ಹುಡ್ ಇರುವ ಸ್ವೆಟರಿನ ತೋಳಲ್ಲಿ ರಕ್ತ. ಮೂಗಿನ ರಕ್ತ ಇರಬಹುದು ಅಂದುಕೊಂಡೆ. ಯಾರ ಮೂಗು?

ಆಸ್ಪತ್ರೆಗೆ ಓಡಿದೆ. ನೇರವಾಗಿ ಚಿರಂತನ್ ಹೆಸರು ಹಿಡಿದೇ ಕೇಳಿದೆ. ಅಕ್ಷರಾ ಅತ್ತಳು. "ನಿಮ್ಮ ಮಗನ ಮಾತು ನಿಮ್ಮ ಮುಂದ ಹ್ಯಾಂಗ ಹೇಳ್ಲಿರಿ ಆಂಟಿ?"

ಮನೆಗೆ ಬಂದು ಬೇಸ್‌ಮೆಂಟಿಗೆ ಇಳಿದೆ. ಗೇಮ್ ಆಡುತ್ತಿದ್ದ. ಗೆಣ್ಣು ಬಾತಿತ್ತು. ಯಾಕೋ, ಅಂದೆ.

"ಶೀ ವಾಸ್ ಇನ್ ಮೈ ವೇ. ಅವಳು ತಿರುಗಿ ಹೊಡೆಯಲ್ಲ ಅಂತ ಗೊತ್ತಿತ್ತು. ನೀನೇ ಹೇಳಿದ್ದಲ್ವಾ?"

ಕೈ ಎತ್ತಿದೆ. ಎದ್ದು ನಿಂತ. ನನ್ನನ್ನೇ ನೋಡುತ್ತಾ ಎರಡೂ ಕೈ ಕಟ್ಟಿಕೊಂಡ. ನಾನು ಕಲಿಸಿದ ಹಾಗೆಯೇ.

ಹೊಡೆದೆ. ತುಟಿ ಒಡೆಯಿತು. ಮತ್ತೆ ಹೊಡೆದೆ. ಗೋಡೆಗೆ ಒರಗಿ ಕುಸಿದ ಮೇಲೂ ಹೊಡೆದೆ. ಕೈ ಬಿಚ್ಚಲಿಲ್ಲ ಅವನು.

ಅಕ್ಟೋಬರ್ 21, ಸೋಮವಾರ, ಬೆಳಿಗ್ಗೆ

ಶನಿವಾರ, ಭಾನುವಾರ ಒಂದಕ್ಷರ ಬರೆಯಲಾಗಲಿಲ್ಲ. ಗಂಡ ಶ್ರೀನಾಥ ಅದೇ ರಾಗ: "ಹುಡುಗಿ ಬಾಯಿ ಬಿಡಲ್ಲ. ನೀನ್ಯಾಕೆ ಹೇಳ್ತೀಯ? ಪೊಲೀಸ್ ಕೇಸ್ ಆಗತ್ತೆ ಕಣೆ. ನೀನು ಹೊಡೆದಿದ್ದೂ ಹೊರಗೆ ಬರತ್ತೆ. ನಿನ್ನ ಕೆಲಸ ಹೋಗತ್ತೆ."

ನಿಜ. ಎಲ್ಲವೂ ಹೋಗುತ್ತದೆ. ಆದರೆ ನೋಡಿದವರು ಬಂದು ಹೇಳಬೇಕು ಅಂತ ಆ ಮಕ್ಕಳಿಗೆ ಬೋಧಿಸಿದವಳು ನಾನೇ ಅಲ್ಲವೇ.

ಪ್ರಿನ್ಸಿಪಾಲರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ದೇನೆ. ರಿಂಗ್ ಆಗುತ್ತಿದೆ. ಹೇಳಬೇಕಾದ್ದನ್ನು ಇಲ್ಲೇ ಬರೆದುಕೊಳ್ಳುತ್ತಿದ್ದೇನೆ, ಇಲ್ಲದಿದ್ದರೆ ಬಾಯಿ ಕಟ್ಟುತ್ತದೆ. ಚಿರಂತನ್ ಮೆಟ್ಟಿಲ ಮೇಲೆ ಕೂತಿದ್ದಾನೆ, ಊದಿದ ತುಟಿ, ಕೈ ಮಡಿಲಲ್ಲಿ. "ಅಮ್ಮಾ, ಡೋಂಟ್" ಅಂದ. ಚಿಕ್ಕವನಿದ್ದಾಗಿನ ದನಿ.

"ಗುಡ್ ಮಾರ್ನಿಂಗ್, ಅರುಂಧತಿ." ಪ್ರಿನ್ಸಿಪಾಲರ ದನಿ.

ಅಕ್ಷರಾಳನ್ನು ಹೊಡೆದವನು ನನ್ನ ಮಗ. ಅವನನ್ನು ಹೊಡೆದವಳು —