ಹಣೆಗೊತ್ತಿದ ಫೋನು

ಮನಿಲಾ, ಸೋಮವಾರ

ತಂಗಿ ಪಿಲಾರ್‌ಗೆ ಅಕ್ಕನ ಪ್ರೀತಿ.

ಹಡಗಿನಿಂದ ಇಳಿದು ಮಗಳ ಮನೆ ಸೇರಿ ವಾರವಾಯಿತು. ಮನೆ ಎಷ್ಟು ಎತ್ತರದಲ್ಲಿದೆಯೆಂದರೆ ಕಿಟಕಿಗೆ ಹಕ್ಕಿಯೂ ಬರುವುದಿಲ್ಲ. ಹುಟ್ಟಿದಂದಿನಿಂದ ಫೋನಿನಲ್ಲೇ ನೋಡಿದ್ದ ಮೊಮ್ಮಗಳು ಅಮಿಹಾನ್ ಅಂದು ಬಾಗಿಲಲ್ಲೇ ನಿಂತಿದ್ದಳು. ಮಾನೊಗೆಂದು ಕೈ ಚಾಚಿದೆ. ಅವಳು ಆ ಕೈಯನ್ನು ಹಣೆಗೊತ್ತಿಕೊಂಡರೆ ಹರಸೋಣವೆಂದು ಕಾದೆ. ಅವಳು ಒಳಗೋಡಿ ಅಮ್ಮನ ಫೋನು ತಂದು, ಅದನ್ನು ಹಣೆಗೊತ್ತಿಕೊಂಡು, “ಮಾನೊ, ಲೋಲಾ” ಎಂದಳು. ದಿನಾ ಸಂಜೆ ನಾನು ಫೋನು ಮಾಡಿದಾಗ ಅವಳು ಹಾಗೆಯೇ ತಾನೆ ಮಾಡುತ್ತಿದ್ದುದು. ಎಷ್ಟು ಮುದ್ದು ಎಂದು ನಾನೇ ನಗುತ್ತಿದ್ದೆ.

“ಇವ್ರೇ ಕಣೇ ನಿನ್ ಲೋಲಾ, ನನ್ ಅಮ್ಮ, ಕೈ ಹಿಡ್ಕೋ” ಎಂದಳು ಮಗಳು.

“ಅಲ್ಲ. ನಮ್ ಲೋಲಾ ಇಷ್ಟೇ ಇರೋದು” ಎಂದು ಅಂಗೈ ತೋರಿಸಿದಳು. “ಇವ್ರ ಕೈ ಒಣಮೀನು ವಾಸ್ನೆ.”

“ಆ ಮೀನು ತಂದಿದ್ದೇ ನಿಂಗೆ ಕಣೇ” ಎಂದು ನಗಿಸಲು ನೋಡಿದೆ. ಮೂಗು ಮುಚ್ಚಿಕೊಂಡಳು.

ಈಗ ಪಕ್ಕದಲ್ಲೇ ಕೂತು ಊಟ ಮಾಡುತ್ತಾಳೆ, ಕೈ ಮಾತ್ರ ಮುಟ್ಟಿಲ್ಲ. ನಾಳೆ ಹೊರಡುತ್ತೇನೆ ಎಂದಾಗ ನನಗೇ ಸಮಾಧಾನ ಹೇಳಿದಳು: “ಊರಿಗ್ ಹೋಗಿ ಫೋನ್ ಮಾಡಿ. ಆಗ ಮಾನೊ ಮಾಡ್ತೀನಿ.”

ಮಂಡಿನೋವು ಕಡಿಮೆಯಿದೆ. ಹಂದಿಗೆ ಹಳಸಿದ ಅನ್ನ ಹಾಕಬೇಡ. ಸೆಬುವಿನಲ್ಲಿರುವ ನಿನ್ನ ಮೊಮ್ಮಗನ ಜ್ಞಾನಸ್ನಾನಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ, ಫೋನಿನಲ್ಲೇ ಹರಸುತ್ತೇನೆ ಎಂದಿದ್ದೆಯಲ್ಲ, ಬೇಡ ತಂಗಿ. ಹಡಗು ಹತ್ತು. ಕೈ ತೊಳೆದುಕೊಳ್ಳದೆಯೇ ಹೋಗು, ನಿನ್ನ ವಾಸನೆ ಅವನಿಗೆ ಈಗಲೇ ಗೊತ್ತಾಗಲಿ.

ಕಾಗದದಲ್ಲಿ ಜಾಗ ಮುಗಿಯಿತು.
ನಿನ್ನ ಅಕ್ಕ ಬೆನಿತಾ