ಕಿಟಕಿಯಾಚೆಯ ವರದಿಗಾರ್ತಿ

ಅಕ್ಟೋಬರ್ 18, ಶನಿವಾರ
ಕಾಫಿ, ವಾಕ್, ಲೈಬ್ರರಿ. ಹನ್ನೊಂದು ವರ್ಷದ ಮೊಮ್ಮಗಳು ಗಾರ್ಗಿಯೂ ಜೊತೆಗೆ. ಮೈಕ್ರೋಫಿಲ್ಮಿನಲ್ಲಿ ಈ ಅಮೆರಿಕನ್ ಊರಿನ 1886ರ ಪತ್ರಿಕೆ. ವರದಿಗಾರ್ತಿ ಆಡಾ ಹಾಲ್‌ಸ್ಟೆಡ್. ಪುರಸಭೆಯೊಳಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಹಿಮದಲ್ಲಿ, ಕಿಟಕಿಯ ಹೊರಗೆ ನಿಂತೇ ಕೇಳಿ ಬರೆದಿದ್ದಾಳೆ — ಬಾವಿಯ ನೀರು ಕೆಟ್ಟಿರುವುದನ್ನು ಜನರಿಂದ ಮುಚ್ಚಿಟ್ಟಿದ್ದಾರೆ ಎಂದು. ಒಳಗೆ ಬೆಚ್ಚಗೆ ಕೂತಿದ್ದ ಗಂಡಸರು ಬರೆದದ್ದು? ಅಧ್ಯಕ್ಷರ ಹುಟ್ಟುಹಬ್ಬದ ಊಟ! ಗಾರ್ಗಿಗೆ ಓದಿ ಹೇಳಿದೆ.
"ತಾತಾ, ರಾಜ್ಯೋತ್ಸವದ ಫ್ಯಾನ್ಸಿ ಡ್ರೆಸ್‌ಗೆ ನಾನು ಇವಳೇ."

ಅಕ್ಟೋಬರ್ 21
ಗಾರ್ಗಿ ಆಡಾ ಆಗುತ್ತಾಳೆಂದು ತಿಳಿದು ಕನ್ನಡ ಕೂಟದ ಅಧ್ಯಕ್ಷ ಶಿವಪ್ರಸಾದ್ ಫೋನ್ ಮಾಡಿದ್ದರು.
"ಸರ್, ರಾಜ್ಯೋತ್ಸವ ಅಲ್ವಾ, ನಮ್ಮವರೇ ಇದ್ರೆ ಚೆನ್ನ. ಓಬವ್ವ ಮಾಡಿಸಿ."
"ಹೋದ ವರ್ಷವೇ ನಾಲ್ಕು ಓಬವ್ವ ಬಂದಿದ್ರಲ್ರೀ. ಕೋಟೆಗೆ ಇನ್ನೆಷ್ಟು ಕಿಂಡಿ ಇದೆ?"
ನಕ್ಕರು. ಗಾರ್ಗಿಗೆ ವೇದಿಕೆಯಲ್ಲಿ ಎರಡು ನಿಮಿಷ ಕೊಟ್ಟರು.

ನವೆಂಬರ್ 8, ಸಂಜೆ
ರಾಜ್ಯೋತ್ಸವದಿಂದ ಈಗಷ್ಟೇ ಬಂದೆವು.
ಸನ್ಮಾನ ಮುಗಿಯಲೇ ಇಲ್ಲ. ಶಾಲು, ಪೇಟ, ಫೋಟೋ. ಹಾರ ಹಾಕಿದವರಿಗೂ ಹಾರ. ಸ್ಪಾನ್ಸರ್, ಆಮೇಲೆ ಸ್ಪಾನ್ಸರ್‌ನ ಭಾವಮೈದುನ. 1998ರ ರಾಜ್ಯೋತ್ಸವದಲ್ಲೂ ಸನ್ಮಾನ ಹೀಗೇ ಎಳೆದಿತ್ತು, ಮರೆತಿಲ್ಲ. ಕೊನೆಗೆ ಮೈಕಿನಲ್ಲಿ — "ಟೈಮ್ ಇಲ್ಲ, ಮಕ್ಕಳ ಐಟಂ ಕ್ಯಾನ್ಸಲ್. ಊಟ ರೆಡಿ."
ಉರಿದುಹೋಯಿತು. ಎದ್ದೆ. ಗಾರ್ಗಿ ತೋಳು ಹಿಡಿದಳು. "ಸಿಟ್ ಡೌನ್, ತಾತಾ. ಐ ವಿಲ್ ಗೋ."
ಆಡಾಳ ವೇಷಕ್ಕೆಂದು ಐಸೆಲಿನ್ ಪೇಟೆಯಲ್ಲಿ ಹೊಲಿಸಿದ ಉದ್ದ ಲಂಗ ಎತ್ತಿ ಹಿಡಿದು ವೇದಿಕೆ ಹತ್ತಿದಳು. ಬಾಯಿಪಾಠ ಮಾಡಿದ್ದನ್ನು ಬಿಟ್ಟೇಬಿಟ್ಟಳು.
"ಇವತ್ತಿನ ನ್ಯೂಸ್. ದೊಡ್ಡವರಿಗೆ ಶಾಲು ಸಿಕ್ತು. ಮಕ್ಕಳು ಕರ್ಟನ್ ಹಿಂದೆ ವೇಟ್ ಮಾಡಿದ್ರು. ಪುಟ್ಟ ಪುಲಿಕೇಶಿ ಮೀಸೆ ಬಿದ್ದೋಯ್ತು. ಪುಟ್ಟ ಓಬವ್ವ ಅಳ್ತಿದಾಳೆ."
ಯಾರೋ ಕಿಸಕ್ಕೆಂದರು.
"ಅಂಕಲ್, ಕ್ಯಾನ್ಸಲ್ ಅಂತ ಯಾರು ಡಿಸೈಡ್ ಮಾಡಿದ್ರು? ನೇಮ್ ಹೇಳಿ, ಬರ್ಕೋತೀನಿ." ಪೆನ್ಸಿಲ್ ಎತ್ತಿ ಕಾದಳು.
ಶಿವಪ್ರಸಾದ್ ಕುತ್ತಿಗೆಯ ಹಾರ ತೆಗೆದರು. "ನಾನೇ ಕಣಮ್ಮಾ."
ಬರೆದುಕೊಂಡಳು. "ಥ್ಯಾಂಕ್ಯೂ. ಈಗ ಅವರನ್ನ ಕರೀಲಾ?"
ಎಲ್ಲ ಮಕ್ಕಳೂ ಬಂದರು. ಮೀಸೆಯಿಲ್ಲದ ಪುಲಿಕೇಶಿಯೂ. ಊಟ ಆರಿತು, ಒಬ್ಬರೂ ಏಳಲಿಲ್ಲ. ನಾನು ಚಪ್ಪಾಳೆ ತಟ್ಟುವುದನ್ನೂ ಮರೆತು ನೋಡುತ್ತಿದ್ದೆ.

ನವೆಂಬರ್ 9, ಬೆಳಿಗ್ಗೆ
"ತಾತಾ, ಮಂಗಳವಾರ ಟೌನ್‌ಶಿಪ್ ಮೀಟಿಂಗ್‌ಗೆ ಡ್ರೈವ್ ಮಾಡ್ತೀಯಾ? ಪಬ್ಲಿಕ್‌ಗೆ ಓಪನ್ ಅಂತೆ."
"ಪುರಸಭೆಯಲ್ಲಿ ನಿನಗೇನೇ ಕೆಲಸ?"
"ನಮ್ಮ ಸ್ಕೂಲ್ ಬಸ್ ರೂಟ್ ಕಟ್ ಮಾಡ್ತಾರಂತೆ. ಬೇಗ ಹೋಗೋಣ, ಫ್ರಂಟ್ ರೋ ಬೇಕು."
ಕಾರಿನ ಕೀ ಹುಡುಕುತ್ತಿದ್ದೇನೆ. ಮಂಗಳವಾರಕ್ಕೆ ಇನ್ನೂ ಎರಡು ದಿನವಿದೆ. ಆದರೂ —